ಚಿನ್ನದಂತೆ ಹೊಳೆಯುವ ಉಬ್ಬಕ್ಷರ: ಗಿಂಪ್‌ನಲ್ಲಿ ಮಾಡುವ ಬಗೆ

ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ ಹಿತ್ತಾಳೆ ಚೊಂಬೊಂದನ್ನು ಕಿಟಕಿಯ ಪಕ್ಕದಲ್ಲಿಟ್ಟು ಐದು ನಿಮಿಷ ಸುಮ್ಮನೆ ನೋಡಬೇಕು. ಕಂಪ್ಯೂಟರಿನಲ್ಲಿ ಹೊಳೆಯುವ ಅಕ್ಷರಗಳನ್ನು ಮಾಡಲು ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಿತ್ತಾಳೆಯ ಬಣ್ಣವೆಂದು ನಾವು ಕರೆಯುವ ಆ ಹಳದಿ ಚೊಂಬಿನ ಮೈಮೇಲೆ ನಾವು ಭಾವಿಸಿರುವಷ್ಟು ಇರುವುದಿಲ್ಲ. ಕಿಟಕಿ ಪ್ರತಿಬಿಂಬಿಸಿದ ಕಡೆ ಬಿಳಿಗೆ ಹತ್ತಿರವಾದ ಒಂದು ಪಟ್ಟಿ, ಅದಕ್ಕೆ ಒತ್ತಿಕೊಂಡೇ ಬರುವ ಕಡುಗಂದು, ಕಂಠದ ತಿರುವಿನಲ್ಲಿ ಮತ್ತೊಂದು ಎಳೆ ಬೆಳಕು, ಬುಡದಲ್ಲಿ ನೆಲದ ಕೆಂಪು ಛಾಯೆ, ಇವೆಲ್ಲ ಸೇರಿ ಕಣ್ಣಿಗೆ ‘ಹೊಳಪು’ ಎನಿಸುತ್ತವೆ. ಹೊಳಪು ಎಂದರೆ ಹೆಚ್ಚು ಬೆಳಕು ಎಂದಲ್ಲ; ಕತ್ತಲೆಯ ಪಕ್ಕದಲ್ಲಿಯೇ, ನಡುವೆ ಹೆಚ್ಚು ಅಂತರವಿಲ್ಲದೆ, ಬೆಳಕು ಬಂದು ನಿಲ್ಲುವುದು. ಅಕ್ಷರಕ್ಕೆ ಹಳದಿ ಬಳಿದು, ಮೇಲೆ ಬಿಳಿ ಸವರಿ, ‘ಏಕೆ ಚಿನ್ನದಂತೆ ಕಾಣುತ್ತಿಲ್ಲ?’ ಎಂದು ಕೇಳುವವರು ಬಿಟ್ಟಿರುವುದು ಈ ಕತ್ತಲೆಯನ್ನೇ.

ಈ ಬರಹದಲ್ಲಿ ನಾನು ಬಳಸುವುದು ಗಿಂಪ್ ಎಂಬ, ಚಿತ್ರ ತಿದ್ದುವ ತಂತ್ರಾಂಶವನ್ನು. 1995ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಇದು ಇಂದಿಗೂ ಉಚಿತವಾಗಿ, ಮುಕ್ತವಾಗಿ ದೊರೆಯುತ್ತದೆ. ಹಣ ಕೊಡಲಾಗದ ವಿದ್ಯಾರ್ಥಿಗೂ, ಊರಿನ ಸಣ್ಣ ಡಿಟಿಪಿ ಅಂಗಡಿಯವರಿಗೂ ಕದ್ದ ಪ್ರತಿಯ ಹಂಗಿಲ್ಲದೆ ಕೆಲಸ ಮಾಡಲು ಬರುತ್ತದೆ. 2018ರ 2.10 ಆವೃತ್ತಿಯಲ್ಲಾಗಲಿ, 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಾಗಲಿ ಕೆಳಗಿನ ಕ್ರಮವನ್ನು ಅನುಸರಿಸಬಹುದು. ಫೋಟೋಶಾಪ್ ಬಳಸುವವರಿಗೆ ಅಲ್ಲಲ್ಲಿ ಒಂದೆರಡು ಮಾತು ಹೇಳುತ್ತೇನೆ.

ಅಕ್ಷರ ಮತ್ತು ಹಾಳೆ

1600 ಪಿಕ್ಸೆಲ್ ಅಗಲ, 900 ಪಿಕ್ಸೆಲ್ ಎತ್ತರದ ಹೊಸ ಚಿತ್ರವನ್ನು ತೆರೆದು, ಹಿನ್ನೆಲೆಗೆ ಕಡುಗಂದು ಬಣ್ಣ ತುಂಬಿ. ಕೆಂಪು 40, ಹಸಿರು 24, ನೀಲಿ 20 ಇದ್ದರೆ ಸಾಕು. ಅಪ್ಪಟ ಕಪ್ಪಿನ ಮೇಲೆ ನೆರಳು ಕಾಣುವುದೇ ಇಲ್ಲವಾದ್ದರಿಂದ ಅಕ್ಷರ ಗಾಳಿಯಲ್ಲಿ ತೇಲುತ್ತಿರುವಂತೆ ತೋರುತ್ತದೆ.

ಇನ್ನು ಮುಂದಕ್ಕೆ ಹೋಗುವ ಮುನ್ನ ‘ಇಮೇಜ್’ ಮೆನುವಿನ ‘ಪ್ರಿಸಿಷನ್’ಗೆ ಹೋಗಿ 16 ಬಿಟ್ ಆರಿಸಿಕೊಳ್ಳಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಕೊನೆಗೆ ಪರಿತಪಿಸುತ್ತಾರೆ. 8 ಬಿಟ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಒಟ್ಟು 256 ಮೆಟ್ಟಿಲುಗಳು ಮಾತ್ರ ಇರುತ್ತವೆ. ನಾವು ಮುಂದೆ ಮಾಡುವ ನುಣುಪಾದ ಇಳಿಜಾರನ್ನು ಹಿಗ್ಗಿಸಿದಾಗ ಆ ಮೆಟ್ಟಿಲುಗಳು ಒಂದೊಂದೂ ಕಣ್ಣಿಗೆ ಕಾಣತೊಡಗಿ, ಲೋಹದ ಮೇಲೆ ಮರದ ವಾರ್ಷಿಕ ಉಂಗುರಗಳಂಥ ಗೆರೆಗಳು ಮೂಡುತ್ತವೆ. 16 ಬಿಟ್‌ನಲ್ಲಿ ಮೆಟ್ಟಿಲುಗಳು 65,536. ಆ ತೊಂದರೆ ಇಲ್ಲ. ಕೊನೆಯಲ್ಲಿ ಬೇಕಾದರೆ 8ಕ್ಕೆ ಇಳಿಸಬಹುದು, ಆದರೆ 8ರಲ್ಲಿ ಕೆಟ್ಟದ್ದನ್ನು ಆಮೇಲೆ 16ಕ್ಕೆ ಏರಿಸಿ ಸರಿಪಡಿಸಲಾಗದು.

ಈಗ ‘ಕನ್ನಡ’ ಎಂಬ ಪದವನ್ನು 400 ಪಿಕ್ಸೆಲ್ ಗಾತ್ರದಲ್ಲಿ ಬರೆಯಿರಿ. ಫಾಂಟ್ ದಪ್ಪವಾಗಿರಬೇಕು: ನೋಟೊ ಸ್ಯಾನ್ಸ್ ಕನ್ನಡದ ‘ಬ್ಲ್ಯಾಕ್’ ತೂಕವಾಗಲಿ, ಬಾಲೂ ತಮ್ಮ ಆಗಲಿ ಚೆನ್ನಾಗಿ ಒಪ್ಪುತ್ತವೆ, ಎರಡೂ ಉಚಿತ. ಈ ಪದವನ್ನೇ ಆರಿಸಿದ್ದಕ್ಕೆ ಅಭಿಮಾನದ ಜೊತೆಗೆ ಇನ್ನೊಂದು ಕಾರಣವೂ ಇದೆ. ‘ನ್ನ’ದ ಒತ್ತು ಉಳಿದ ಗೆರೆಗಳಿಗಿಂತ ಸಣ್ಣದು, ಮತ್ತು ಉಬ್ಬು ಎಷ್ಟು ಅಗಲವಿರಬೇಕು ಎಂಬುದನ್ನು ತೀರ್ಮಾನಿಸಬೇಕಾದುದು ಪದದ ಅತ್ಯಂತ ತೆಳುವಾದ ಗೆರೆ. ದಪ್ಪ ಗೆರೆಯನ್ನು ನೋಡಿ ಅಳತೆ ಇಟ್ಟರೆ ಒತ್ತಕ್ಷರ ಕರಗಿ ಮುದ್ದೆಯಾಗುತ್ತದೆ. ಇಂಗ್ಲಿಷಿನ ಮಾದರಿಗಳಲ್ಲಿ ಕೊಟ್ಟಿರುವ ಅಳತೆಗಳನ್ನು ಹಾಗೆಯೇ ತಂದರೆ ನಮ್ಮ ಒತ್ತುಗಳು, ಕೊಂಬುಗಳು, ದೀರ್ಘಗಳು ಹಾಳಾಗುವುದು ಈ ಕಾರಣಕ್ಕೇ.

ಅಕ್ಷರಗಳು ಸರಿಯಾಗಿ ಜೋಡಿಕೊಂಡಿವೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಗಿಂಪ್ ಯೂನಿಕೋಡ್ ಕನ್ನಡವನ್ನು ಯಾವ ಹೆಚ್ಚುವರಿ ಸಿದ್ಧತೆಯೂ ಇಲ್ಲದೆ ಸರಿಯಾಗಿ ಜೋಡಿಸುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತು ಕೆಳಗೆ ಹೋಗದೆ ಪಕ್ಕದಲ್ಲಿ ಬಿಡಿಯಾಗಿ ನಿಂತರೆ, ಪ್ರಿಫರೆನ್ಸಸ್‌ನ ‘ಟೈಪ್’ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳಿಗೆ ಬೆಂಬಲ ಕೊಡುವ ಆಯ್ಕೆಯನ್ನು ಬದಲಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯಬೇಕಾಗುತ್ತದೆ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪಠ್ಯವನ್ನು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ದಾರಿ.

ಎತ್ತರದ ನಕ್ಷೆ

ಕಂಪ್ಯೂಟರಿಗೆ ಅಕ್ಷರ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ತಿಳಿಸಲು ನಾವು ಕಪ್ಪು-ಬಿಳುಪಿನ ಒಂದು ನಕ್ಷೆಯನ್ನು ಕೊಡಬೇಕು. ಕಪ್ಪು ಎಂದರೆ ನೆಲ, ಬಿಳಿ ಎಂದರೆ ಶಿಖರ, ನಡುವಿನ ಬೂದು ಎಂದರೆ ಏರು. ಹೊಸ ಲೇಯರ್ (ಚಿತ್ರದಲ್ಲಿ ಒಂದರ ಮೇಲೊಂದಾಗಿ ಕೂರುವ ಪದರ) ಒಂದನ್ನು ಮಾಡಿ ಕಪ್ಪು ತುಂಬಿ. ಪಠ್ಯದ ಲೇಯರ್ ಮೇಲೆ ನಿಂತು ‘ಲೇಯರ್’ ಮೆನುವಿನ ‘ಟ್ರಾನ್ಸ್‌ಪರೆನ್ಸಿ’ಯಲ್ಲಿರುವ ‘ಆಲ್ಫಾ ಟು ಸೆಲೆಕ್ಷನ್’ ಒತ್ತಿದರೆ ಅಕ್ಷರದ ಆಕಾರ ಸೆಲೆಕ್ಷನ್ ಆಗುತ್ತದೆ. ಕಪ್ಪು ಲೇಯರ್‌ಗೆ ಮರಳಿ ಅದರೊಳಗೆ ಬಿಳಿ ತುಂಬಿ, ಸೆಲೆಕ್ಷನ್ ತೆಗೆದುಹಾಕಿ.

ಇಲ್ಲಿಂದ ಮುಂದಿನದು ನಾಜೂಕಿನ ಕೆಲಸ. ಈ ಲೇಯರ್‌ಗೆ ಒಮ್ಮೆ, ಅಂಚುಗಳನ್ನು ಮಸುಕಾಗಿಸುವ ಗಾಸಿಯನ್ ಬ್ಲರ್ ಕೊಟ್ಟು ಮುಂದೆ ಹೋಗುವುದು ರೂಢಿ, ಆದರೆ ಒಂದೇ ಬ್ಲರ್‌ನಿಂದ ಬರುವ ಉಬ್ಬು ಸಾಬೂನಿನ ತುಂಡಿನಂತೆ ಜಾರುಜಾರಾಗಿ ಕಾಣುತ್ತದೆ. ಅಂಚಿಗೆ ಬಿಗಿ ಇರುವುದಿಲ್ಲ. ಹಾಗಾಗಿ ಲೇಯರ್‌ನ ಮೂರು ಪ್ರತಿಗಳನ್ನು ಮಾಡಿಕೊಂಡು, ಕೆಳಗಿನದಕ್ಕೆ 16, ನಡುವಿನದಕ್ಕೆ 8, ಮೇಲಿನದಕ್ಕೆ 3ರ ಬ್ಲರ್ ಕೊಡಿ. ನಂತರ ನಡುವಿನದರ ಒಪ್ಯಾಸಿಟಿಯನ್ನು (ಪದರ ಎಷ್ಟು ದಟ್ಟವಾಗಿ ಕಾಣಬೇಕೆಂಬ ಶೇಕಡಾ ಅಳತೆ) 50ಕ್ಕೂ ಮೇಲಿನದರದನ್ನು 33ಕ್ಕೂ ಇಳಿಸಿ. ಕೆಳಗಿನದು 100 ಇದ್ದು ಹೀಗೆ ಜೋಡಿಸಿದಾಗ ಮೂರೂ ಪ್ರತಿಗಳು ಸರಿಸುಮಾರು ಮೂರನೆಯ ಒಂದು ಪಾಲಿನಂತೆ ಬೆರೆಯುತ್ತವೆ. ‘ಮರ್ಜ್ ಡೌನ್’ ಎರಡು ಬಾರಿ ಒತ್ತಿ ಒಂದೇ ಲೇಯರ್ ಮಾಡಿ, ‘ಎತ್ತರ’ ಎಂದು ಹೆಸರಿಟ್ಟು, ಕಣ್ಣಿನ ಗುರುತನ್ನು ತೆಗೆದು ಮರೆಮಾಡಿ. ದೊಡ್ಡ ಬ್ಲರ್ ಅಕ್ಷರಕ್ಕೆ ಮೈ ಕೊಡುತ್ತದೆ, ಸಣ್ಣ ಬ್ಲರ್ ಅಂಚು ಕೊಡುತ್ತದೆ. ಬೇರೆ ಗಾತ್ರಗಳಿಗೆ ನನ್ನ ಲೆಕ್ಕ ಇಷ್ಟು: ಗೆರೆಯ ದಪ್ಪದ ಐದನೆಯ ಒಂದು ಭಾಗ ದೊಡ್ಡ ಬ್ಲರ್, ಅದರ ಅರ್ಧ ಎರಡನೆಯದು, ಮೂರನೆಯದು ಎರಡು-ಮೂರು ಪಿಕ್ಸೆಲ್. ಒತ್ತು ತೀರಾ ತೆಳುವಾಗಿರುವ ಫಾಂಟ್ ಆದರೆ ಒತ್ತಿನ ದಪ್ಪವನ್ನೇ ಅಳತೆಗೆ ಹಿಡಿಯಿರಿ.

ದುಂಡಗಿನ ಉಬ್ಬಿನ ಬದಲು ಉಳಿಯಿಂದ ಕಡಿದಂತೆ, ನಡುವೆ ಏಣು ಎದ್ದಂತೆ ಬೇಕಾದರೆ ಬ್ಲರ್ ಬಿಟ್ಟು, ಬಿಳಿ ಅಕ್ಷರದ ಲೇಯರ್‌ಗೆ ‘ಫಿಲ್ಟರ್ಸ್’ ಮೆನುವಿನ ‘ಜೆನೆರಿಕ್’ ಗುಂಪಿನಲ್ಲಿರುವ ‘ಡಿಸ್ಟೆನ್ಸ್ ಮ್ಯಾಪ್’ ಕೊಡಬಹುದು. ಅದು ಪ್ರತಿಯೊಂದು ಬಿಂದುವೂ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂದು ಅಳೆದು, ದೂರವಿದ್ದಷ್ಟೂ ಬಿಳಿ ಮಾಡುತ್ತದೆ.

ಬೆಳಕು ಬೀಳಿಸುವುದು

ಹೊಸ ಲೇಯರ್‌ಗೆ ಮೂರೂ ಬಣ್ಣ 128 ಇರುವ ನಡುಬೂದು ತುಂಬಿ, ‘ಲೋಹ’ ಎಂದು ಹೆಸರಿಡಿ. ಅದರ ಮೇಲೆ ನಿಂತು ‘ಫಿಲ್ಟರ್ಸ್’ನ ‘ಮ್ಯಾಪ್’ ಗುಂಪಿನಿಂದ ‘ಬಂಪ್ ಮ್ಯಾಪ್’ ತೆರೆದು, ‘ಆಕ್ಸ್ ಇನ್‌ಪುಟ್’ ಎಂಬಲ್ಲಿ ‘ಎತ್ತರ’ ಲೇಯರ್ ತೋರಿಸಿ. ಬೂದು ಹಾಳೆಯಿಂದ ಅಕ್ಷರ ಎದ್ದು ನಿಲ್ಲುವುದನ್ನು ಮೊದಲ ಸಲ ನೋಡುವಾಗ ಆಗುವ ಸಂತೋಷ ನನಗೆ ಇನ್ನೂ ಹಳೆಯದಾಗಿಲ್ಲ.

‘ಅಜಿಮತ್’ ಎಂದರೆ ಬೆಳಕು ಬರುವ ದಿಕ್ಕು. 135 ಇಟ್ಟರೆ ಮೇಲಿನ ಎಡಮೂಲೆಯಿಂದ ಬರುತ್ತದೆ. ‘ಎಲಿವೇಷನ್’ ಎಂದರೆ ದೀಪ ಎಷ್ಟು ಎತ್ತರದಲ್ಲಿದೆ ಎಂಬುದು. 40ರ ಆಸುಪಾಸು ಸಾಕು. ‘ಡೆಪ್ತ್’ ಅನ್ನು 20ರಿಂದ ಆರಂಭಿಸಿ ಏರಿಸುತ್ತ ಹೋಗಿ, ಬೆಳಕಿನ ಬದಿಯ ಬೂದು ಪೂರ್ತಿ ಬಿಳಿಯಾಗುವ ಮುನ್ನವೇ ನಿಲ್ಲಿಸಿ. ಪೂರ್ತಿ ಬಿಳಿಯಾದ ಕಡೆ ಮುಂದೆ ಏನು ಮಾಡಿದರೂ ವಿವರ ಹುಟ್ಟುವುದಿಲ್ಲ. ‘ಕಾಂಪೆನ್ಸೇಟ್ ಫಾರ್ ಡಾರ್ಕನಿಂಗ್’ ಗುರುತು ಇರಲಿ; ಸಮತಟ್ಟಾದ ಜಾಗ ನಡುಬೂದಿನಲ್ಲಿಯೇ ಉಳಿಯಲು ಅದು ಬೇಕು.

ಬೆಳಕು ಮೇಲಿನಿಂದಲೇ ಬರಬೇಕೆನ್ನುವುದಕ್ಕೆ ಬಲವಾದ ಕಾರಣವಿದೆ. ಸೂರ್ಯನ ಬೆಳಕಿನಲ್ಲಿ ಬೆಳೆದ ನಮ್ಮ ಕಣ್ಣು-ಮನಸ್ಸು, ಬೆಳಕು ಮೇಲಿನಿಂದ ಬರುತ್ತದೆ ಎಂದು ಹೇಳದೆಯೇ ಒಪ್ಪಿಕೊಂಡಿವೆ. ಮಾಡಿ ಮುಗಿಸಿದ ಉಬ್ಬಕ್ಷರದ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೆ ಅದೇ ಅಕ್ಷರ ತಗ್ಗಿನಲ್ಲಿ ಕೊರೆದಂತೆ ಕಾಣುತ್ತದೆ. ಒಂದು ಪಿಕ್ಸೆಲ್ಲೂ ಬದಲಾಗಿರುವುದಿಲ್ಲ. ಕಲ್ಲಿನ ಶಾಸನದಂತೆ ಕೊರೆದ ಅಕ್ಷರ ಬೇಕಾದವರು ಇದೇ ಗುಣವನ್ನು ಬಳಸಿ, ಬಂಪ್ ಮ್ಯಾಪ್‌ನ ‘ಇನ್ವರ್ಟ್’ ಗುರುತು ಹಾಕಿ, ಬೂದು ಲೇಯರ್ ಬದಲಿಗೆ ಕಲ್ಲಿನ ಫೋಟೊ ಇಟ್ಟುಕೊಳ್ಳಬಹುದು. ಸವೆದ ಶಾಸನ ಓದುವವರು ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ, ಕಲ್ಲಿಗೆ ತಾಗಿದಂತೆ ಹಿಡಿಯುತ್ತಾರಲ್ಲವೆ? ಹಾಗೆಯೇ ಇಲ್ಲಿಯೂ ಎಲಿವೇಷನ್ ಅನ್ನು 20ರ ಹತ್ತಿರಕ್ಕೆ ಇಳಿಸಿದರೆ ಆಳವಿಲ್ಲದ ಗೀರು ಕೂಡ ಎದ್ದು ಕಾಣುತ್ತದೆ.

ಬೂದನ್ನು ಲೋಹವಾಗಿಸುವ ಗೆರೆ

ಈಗ ನಮ್ಮ ಮುಂದಿರುವುದು ಸುಣ್ಣದಲ್ಲಿ ಮಾಡಿದಂಥ ಅಕ್ಷರ: ಉಬ್ಬು ಇದೆ, ಹೊಳಪಿಲ್ಲ. ಬೆಳಕಿನ ಬದಿಯಿಂದ ನೆರಳಿನ ಬದಿಗೆ ಅದು ನಿಧಾನವಾಗಿ, ಒಂದೇ ದಿಕ್ಕಿನಲ್ಲಿ ಕಪ್ಪಾಗುತ್ತ ಹೋಗುತ್ತದೆ. ಚೊಂಬು ಹಾಗಿರಲಿಲ್ಲ. ಅದರ ಮೈ ಕನ್ನಡಿಯಾದ್ದರಿಂದ ಕಿಟಕಿ, ಗೋಡೆ, ಬಾಗಿಲು, ನೆಲ ಒಂದರ ಪಕ್ಕ ಒಂದು ಪ್ರತಿಬಿಂಬಿಸಿ, ಬೆಳಕು-ಕತ್ತಲೆ-ಬೆಳಕು-ಕತ್ತಲೆ ಎಂದು ಪಟ್ಟಿಪಟ್ಟಿಯಾಗಿತ್ತು. ಆ ಪಟ್ಟಿಗಳನ್ನು ತರುವ ಸಾಧನ ‘ಕಲರ್ಸ್’ ಮೆನುವಿನ ‘ಕರ್ವ್ಸ್’.

ಮಾಮೂಲಿ ಫೋಟೊ ತಿದ್ದುವಾಗ ಕರ್ವ್ಸ್ ಗೆರೆ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಏರುತ್ತಲೇ ಹೋಗುತ್ತದೆ. ಇಲ್ಲಿ ಅದನ್ನು ಬೆಟ್ಟ-ಕಣಿವೆಗಳಾಗಿ ಮುರಿಯಬೇಕು. 0ಯಿಂದ 100ರ ಅಳತೆಯಲ್ಲಿ ಹೇಳುವುದಾದರೆ: 0 ಇದ್ದುದು 5 ಆಗಲಿ, 25 ಇದ್ದುದು 65ಕ್ಕೆ ಏರಲಿ, 40 ಇದ್ದುದು 15ಕ್ಕೆ ಕುಸಿಯಲಿ, 58 ಇದ್ದುದು 90ಕ್ಕೆ ನೆಗೆಯಲಿ, 75 ಇದ್ದುದು 35ಕ್ಕೆ ಇಳಿಯಲಿ, 100 ಇದ್ದುದು 100 ಆಗಿಯೇ ಇರಲಿ. ಗೆರೆ ಎಳೆಯುತ್ತಿದ್ದಂತೆಯೇ ಸುಣ್ಣದ ಅಕ್ಷರ ಪಾದರಸ ಸುರಿದಂತೆ ಹೊಳೆಯತೊಡಗುತ್ತದೆ. 16 ಬಿಟ್‌ಗಾಗಿ ಮೊದಲೇ ಒತ್ತಾಯಿಸಿದ್ದು ಈ ಹಂತಕ್ಕಾಗಿ. ಕಡಿದಾದ ಏರುಗಳು ಸಣ್ಣ ಮೆಟ್ಟಿಲನ್ನೂ ಹಲವು ಪಟ್ಟು ಹಿಗ್ಗಿಸುತ್ತವೆ.

ಈ ಅಂಕಿಗಳನ್ನು ಪವಿತ್ರವೆಂದು ಹಿಡಿಯಬೇಡಿ. ಬಿಂದುಗಳನ್ನು ಒಂದೊಂದಾಗಿ ಹಿಡಿದು ನಿಧಾನವಾಗಿ ಆಡಿಸುತ್ತ ‘ಡ’ದ ಹೊಟ್ಟೆಯನ್ನು ಮಾತ್ರ ದೊಡ್ಡದು ಮಾಡಿಕೊಂಡು ನೋಡಿ. ಅದರ ಬಾಗಿನುದ್ದಕ್ಕೂ ಬೆಳಕಿನ ಎಳೆ ಹಾವಿನಂತೆ ಸರಿದಾಡುತ್ತದೆ. ಒಂದು ಕಡೆ ಅಗಲವಾಗಿ, ತಿರುವಿನಲ್ಲಿ ಸಪೂರವಾಗಿ, ಆಚೆಯ ಬದಿಯಲ್ಲಿ ನೆರಳಿನೊಳಗೆ ಹೊಕ್ಕು. ಇಂಗ್ಲಿಷಿನ ನೆಟ್ಟಗಿನ ದೊಡ್ಡಕ್ಷರಗಳಲ್ಲಿ ಈ ಆಟ ಕಾಣುವುದಿಲ್ಲ, ಏಕೆಂದರೆ ನೇರ ಗೆರೆಯ ಒಂದು ಬದಿ ಇಡೀ ಒಂದೇ ಕೋನದಲ್ಲಿ ಬೆಳಕಿಗೆ ಮುಖ ಮಾಡಿರುತ್ತದೆ. ನಮ್ಮ ದುಂಡು ಅಕ್ಷರಗಳಲ್ಲಿ ಎಲ್ಲ ಕೋನಗಳೂ ಇವೆ. ಲೋಹದ ಹೊಳಪಿಗೆ ಕನ್ನಡ ಲಿಪಿಯಷ್ಟು ಒಗ್ಗುವ ಲಿಪಿಗಳು ಕಡಿಮೆ ಎಂಬುದು ನನ್ನ ದೃಢ ಅನಿಸಿಕೆ.

ಫೋಟೋಶಾಪ್‌ನಲ್ಲಿ ಇದೇ ಕೆಲಸವನ್ನು ‘ಬೆವೆಲ್ ಅಂಡ್ ಎಂಬಾಸ್’ ಒಳಗಿನ ‘ಗ್ಲಾಸ್ (Gloss) ಕಾಂಟೂರ್’ ಮಾಡುತ್ತದೆ. ಆ ಪುಟ್ಟ ಚೌಕದೊಳಗಿನ ಅಂಕುಡೊಂಕು ಗೆರೆಗಳು ಏತಕ್ಕೆಂದು ತಿಳಿಯದೆ ಬಿಟ್ಟವರು ಇನ್ನು ಅದನ್ನು ತೆರೆದು ನೋಡಬಹುದು.

ಬಣ್ಣ

‘ಕಲರೈಜ್’ ಒತ್ತಿ ಹಳದಿ ಹಚ್ಚುವುದು ಸುಲಭದ ದಾರಿ, ಆದರೆ ಅದರಿಂದ ಬರುವುದು ಸಾಸಿವೆ ಬಣ್ಣ. ಚಿನ್ನದ ನೆರಳು ಕಪ್ಪು ಬೆರೆತ ಹಳದಿಯಲ್ಲ, ಕೆಂಪು ಬೆರೆತ ಕಂದು. ಬೆಳಕಿಗೆ ಏರಿದಂತೆ ಅದು ಕಿತ್ತಳೆಗೆ, ಹಳದಿಗೆ, ಕೊನೆಗೆ ಬೆಣ್ಣೆಯ ಬಿಳಿಗೆ ಸಾಗುತ್ತದೆ. ಆದ್ದರಿಂದ ಐದು ಬಣ್ಣಗಳು ಒಂದರಿಂದ ಒಂದಕ್ಕೆ ನುಣುಪಾಗಿ ಸಾಗುವ ಗ್ರೇಡಿಯೆಂಟ್ ಒಂದನ್ನು ಮಾಡಿಕೊಳ್ಳಿ. ಕೆಂಪು, ಹಸಿರು, ನೀಲಿಯ ಕ್ರಮದಲ್ಲಿ: 45-20-5, 140-80-20, 212-160-50, 255-225-130, 255-250-225. ಅದನ್ನು ಆರಿಸಿಕೊಂಡು ‘ಕಲರ್ಸ್’ನ ‘ಮ್ಯಾಪ್’ನಲ್ಲಿರುವ ‘ಗ್ರೇಡಿಯೆಂಟ್ ಮ್ಯಾಪ್’ ಒತ್ತಿದರೆ ಕಪ್ಪು-ಬಿಳುಪಿನ ಪ್ರತಿಯೊಂದು ಛಾಯೆಗೂ ತಕ್ಕ ಬಣ್ಣ ಕೂರುತ್ತದೆ. ಬೆಳ್ಳಿಗೆ ನೆರಳಿನಲ್ಲಿ ತುಸು ನೀಲಿ, ತಾಮ್ರಕ್ಕೆ ನಡುವಿನಲ್ಲಿ ಇಟ್ಟಿಗೆಗೆಂಪು; ಕ್ರಮ ಒಂದೇ.

ಕೊನೆಯ ಬಣ್ಣ ಅಪ್ಪಟ ಬಿಳಿಯಲ್ಲ ಎಂಬುದನ್ನು ಗಮನಿಸಿ. ಚಿನ್ನ, ತಾಮ್ರ, ಹಿತ್ತಾಳೆಗಳು ತಮ್ಮ ಮೇಲೆ ಬಿದ್ದ ಬೆಳಕಿನ ನೀಲಿ ಭಾಗವನ್ನು ಹೀರಿಕೊಂಡು ಉಳಿದದ್ದನ್ನು ಹಿಂದಿರುಗಿಸುವುದರಿಂದ ಅವುಗಳ ಹೊಳಪಿಗೂ ಲೋಹದ ಬಣ್ಣವೇ ಇರುತ್ತದೆ. ಗಾಜು, ಪ್ಲಾಸ್ಟಿಕ್, ವಾರ್ನಿಶ್ ಹಚ್ಚಿದ ಮರ ಇವು ಹಾಗಲ್ಲ: ಮೈ ಯಾವ ಬಣ್ಣದ್ದಾದರೂ ಮೇಲಿನ ಹೊಳಪಿನ ಚುಕ್ಕೆ ದೀಪದ ಬಣ್ಣದಲ್ಲಿಯೇ, ಸಾಮಾನ್ಯವಾಗಿ ಬಿಳಿಯಾಗಿ ಇರುತ್ತದೆ. ಹಳದಿ ಅಕ್ಷರದ ಮೇಲೆ ದಟ್ಟ ಬಿಳಿ ಚುಕ್ಕೆ ಇಟ್ಟರೆ ಅದು ಚಿನ್ನವಾಗದೆ ಹಳದಿ ಪ್ಲಾಸ್ಟಿಕ್ ಆಗುವುದು ಇದರಿಂದ.

ಅಂಚು ಕತ್ತರಿಸಿ ನೆರಳು ಇಡುವುದು

‘ಲೋಹ’ ಲೇಯರ್ ಇನ್ನೂ ಇಡೀ ಹಾಳೆಯನ್ನು ಮುಚ್ಚಿಕೊಂಡಿದೆ. ಪಠ್ಯದ ಲೇಯರ್‌ನಿಂದ ಮತ್ತೆ ಆಲ್ಫಾ ಟು ಸೆಲೆಕ್ಷನ್ ಮಾಡಿ, ‘ಲೋಹ’ ಲೇಯರ್‌ಗೆ ಆ ಸೆಲೆಕ್ಷನ್‌ನಿಂದಲೇ ಲೇಯರ್ ಮಾಸ್ಕ್ (ಬೇಡದ ಭಾಗವನ್ನು ಮರೆಮಾಡುವ ಮುಸುಕು) ಸೇರಿಸಿದರೆ ಅಕ್ಷರವಷ್ಟೇ ಉಳಿಯುತ್ತದೆ.

ನೆರಳನ್ನು ಈ ಲೇಯರ್‌ಗೆ ಕೊಡಬೇಡಿ. ಮಾಸ್ಕ್ ಅದನ್ನೂ ಕತ್ತರಿಸಿಬಿಡುತ್ತದೆ. ಪಠ್ಯದ ಲೇಯರ್‌ನ ಎರಡು ಪ್ರತಿ ಮಾಡಿ, ‘ಲೋಹ’ದ ಕೆಳಗೆ ಇಟ್ಟು, ‘ಫಿಲ್ಟರ್ಸ್’ನ ‘ಲೈಟ್ ಅಂಡ್ ಶ್ಯಾಡೊ’ ಗುಂಪಿನ ‘ಡ್ರಾಪ್ ಶ್ಯಾಡೊ’ವನ್ನು ಎರಡಕ್ಕೂ ಬೇರೆ ಬೇರೆ ಅಳತೆಯಲ್ಲಿ ಕೊಡಿ. ಒಂದು, ಅಕ್ಷರ ನೆಲಕ್ಕೆ ತಾಗಿದ ಜಾಗದ ಬಿಗಿ ನೆರಳು: ಬಲಕ್ಕೆ 3, ಕೆಳಕ್ಕೆ 3, ಬ್ಲರ್ 3, ಒಪ್ಯಾಸಿಟಿ 0.7. ಇನ್ನೊಂದು ಅಗಲದ ಮೆತ್ತನೆಯ ನೆರಳು: ಬಲಕ್ಕೆ 14, ಕೆಳಕ್ಕೆ 18, ಬ್ಲರ್ 25, ಒಪ್ಯಾಸಿಟಿ 0.4. ಮೇಜಿನ ಮೇಲಿಟ್ಟ ಯಾವ ವಸ್ತುವನ್ನು ನೋಡಿದರೂ ಬುಡದಲ್ಲಿ ನೆರಳು ದಟ್ಟ, ದೂರ ಹೋದಂತೆ ತೆಳು. ಒಂದೇ ನೆರಳು ಇಟ್ಟಾಗ ಅಕ್ಷರ ಅಂಟಿಸಿದ ಸ್ಟಿಕರ್‌ನಂತೆ ಕಾಣುವುದು ಈ ವ್ಯತ್ಯಾಸ ಇಲ್ಲದಿರುವುದರಿಂದ. ಬೆಳಕು ಎಡ ಮೇಲಿನಿಂದ ಎಂದು ತೀರ್ಮಾನಿಸಿರುವುದರಿಂದ ನೆರಳು ಬಲ ಕೆಳಕ್ಕೇ ಬೀಳಬೇಕು. ನೂರಾರು ಬ್ಯಾನರುಗಳಲ್ಲಿ ಅಕ್ಷರಕ್ಕೊಂದು ಸೂರ್ಯ, ನೆರಳಿಗೆ ಇನ್ನೊಂದು ಸೂರ್ಯ ಇರುವುದನ್ನು ಕಂಡು ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಕ್ಷತ್ರದಂತೆ ಮಿನುಗುವ ಚುಕ್ಕೆ ಇಡುವ ಆಸೆ ಎಲ್ಲರಿಗೂ ಇರುತ್ತದೆ. ಇಡುವುದಾದರೆ ಹೊಸ ಲೇಯರ್‌ನ ಮೋಡ್ ಅನ್ನು ‘ಸ್ಕ್ರೀನ್’ ಮಾಡಿ, ಈಗಾಗಲೇ ಅತ್ಯಂತ ಬೆಳಕಿರುವ ಒಂದೇ ಒಂದು ಜಾಗದಲ್ಲಿ, ಮೃದುವಾದ ಬ್ರಷ್‌ನಿಂದ ಒಮ್ಮೆ ಮುಟ್ಟಿ ಬಿಡಿ.

ಗಾಜಿನ ಗೋಲಿ

ಲೋಹ ಕೈಹಿಡಿದ ಮೇಲೆ ಗಾಜು ಕಷ್ಟವಲ್ಲ, ಆದರೆ ಅದರ ನಿಯಮ ತಿರುವುಮುರುವು. ಗಟ್ಟಿ ಚೆಂಡಿನಲ್ಲಿ ದೀಪದ ಕಡೆಯ ಬದಿ ಬೆಳಗಿರುತ್ತದೆ, ಆಚೆ ಬದಿ ಕಪ್ಪು. ಗಾಜಿನ ಗೋಲಿಯಲ್ಲಾಗಲಿ, ಕೆಸುವಿನೆಲೆಯ ಮೇಲಿನ ನೀರಹನಿಯಲ್ಲಾಗಲಿ ಬೆಳಕು ಒಳಹೊಕ್ಕು ಬಾಗಿ ಎದುರು ಬದಿಯಲ್ಲಿ ಕೂಡಿಕೊಳ್ಳುವುದರಿಂದ, ದೀಪದ ಕಡೆಯ ಒಳಮೈ ಕಪ್ಪಾಗಿಯೂ ಎದುರು ಬದಿ ಬೆಳಗಿಯೂ ಇರುತ್ತದೆ. ಆದ್ದರಿಂದ ಒಂದು ವೃತ್ತಕ್ಕೆ ಕಡುಹಸಿರು ತುಂಬಿ, ಬಲ ಕೆಳಭಾಗದಲ್ಲಿ ತಿಳಿಹಸಿರಿನ ರೇಡಿಯಲ್ ಗ್ರೇಡಿಯೆಂಟ್ ಎಳೆದು, ಎಡ ಮೇಲ್ಭಾಗದ ಕಪ್ಪಿನಲ್ಲಿ ಚೂಪಾದ ಅಂಚಿನ ಚಿಕ್ಕ ಬಿಳಿ ಕಿಟಕಿಯನ್ನು, ಗೋಲಿಯ ಮೈಗೆ ತಕ್ಕಂತೆ ತುಸು ಬಾಗಿಸಿ ಇಡಿ. ನೆರಳಿನ ನಡುವೆಯೂ ಒಂದಿಷ್ಟು ಹಸಿರು ಬೆಳಕು ಚೆಲ್ಲಿದರೆ ನೋಡುವವರ ಕಣ್ಣು ಅದನ್ನು ಗಾಜೆಂದು ತಕ್ಷಣ ಒಪ್ಪುತ್ತದೆ. ಆಪಲ್ 2000ದಲ್ಲಿ ತೋರಿಸಿದ ಆಕ್ವಾ ಗುಂಡಿಗಳು ಇಂಥ ಹೊಳಪನ್ನೇ ನೆಚ್ಚಿಕೊಂಡಿದ್ದವು. 2013ರ ಐಒಎಸ್ 7ರಲ್ಲಿ ಅದೇ ಕಂಪನಿ ಚಪ್ಪಟೆ ವಿನ್ಯಾಸಕ್ಕೆ ತಿರುಗಿತು.

ಉಳಿಸುವುದು, ಮುದ್ರಿಸುವುದು

ಲೇಯರುಗಳು ಉಳಿಯುವಂತೆ ಗಿಂಪ್‌ನ ಸ್ವಂತ ಕಡತ ರೂಪವಾದ ಎಕ್ಸ್‌ಸಿಎಫ್‌ನಲ್ಲಿ ಪ್ರತಿಯೊಂದನ್ನು ಯಾವಾಗಲೂ ಇಟ್ಟುಕೊಳ್ಳಿ. ಪರದೆಗೆ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೊ ಆಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ನುಣುಪು ಕೆಡುವುದಿಲ್ಲ.

ಮುದ್ರಣ ಬೇರೆಯೇ ಮಾತು. ನೆಂಟರ ಮನೆಯ ಮದುವೆಯ ಕರೆಯೋಲೆಗೆ ಹೀಗೆಯೇ ಚಿನ್ನದಕ್ಷರ ಮಾಡಿಕೊಟ್ಟು, ಮುದ್ರಣವಾಗಿ ಬಂದಾಗ ಅದು ಮಂಕಾದ ಅರಿಶಿನ-ಕಂದಾಗಿದ್ದುದನ್ನು ನೋಡಿ ನಾನು ಬಹಳ ನೊಂದುಕೊಂಡಿದ್ದೆ. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದ ಸೂಸುವುದಿಲ್ಲ. ನಾಲ್ಕು ಬಣ್ಣದ ಶಾಯಿಗೆ ಆ ಉಜ್ವಲ ಹಳದಿ-ಕಿತ್ತಳೆಗಳು ನಿಲುಕುವುದಿಲ್ಲ. ಫ್ಲೆಕ್ಸ್ ಅಥವಾ ಆಫ್‌ಸೆಟ್‌ಗೆ ಕೊಡುವಾಗ ನೆರಳುಗಳನ್ನು ಪರದೆಯಲ್ಲಿ ಬೇಕೆನಿಸಿದ್ದಕ್ಕಿಂತ ತುಸು ತಿಳಿಯಾಗಿಸಿ, ಒಂದು ಚಿಕ್ಕ ತುಂಡನ್ನು ಮೊದಲು ಮುದ್ರಿಸಿ ನೋಡಿ. ನಿಜವಾಗಿ ಮಿಂಚುವ ಕರೆಯೋಲೆ ಬೇಕಾದರೆ ಗೋಲ್ಡ್ ಫಾಯಿಲ್ ಹಾಕಿಸಬೇಕು. ಅಂಥ ಕಡೆ ಮೇಲೆ ಹೇಳಿದ ಉಬ್ಬು, ಬಣ್ಣ, ನೆರಳು ಯಾವುದೂ ಇರಕೂಡದು. ಪ್ರೆಸ್ಸಿನವರಿಗೆ ಬೇಕಾದುದು ಅಂಚು ಚೂಪಾಗಿರುವ, ಛಾಯೆಗಳಿಲ್ಲದ, ಅಪ್ಪಟ ಕಪ್ಪು ಅಕ್ಷರಗಳ ಪಿಡಿಎಫ್. ಬೆಳಕು ಬೀಳಿಸುವ ಕೆಲಸವನ್ನು ಓದುವವರ ಮನೆಯ ದೀಪ ಮಾಡುತ್ತದೆ.